ಬೀರಪ್ಪನ ಡೊಳ್ಳಿಗೆ ಬಂದ ಮೀಸೆಯ ನೆಂಟ

ಉದಗೀರದ ನನ್ನ ಕೋಣೆಯಲ್ಲಿ ದೇವರ ಪಟಕ್ಕಿಂತ ಒಂದು ಗೇಣು ಮೇಲೆ ಒಂದು ಹುಳದ ಪಟ ಇದೆ. ನನ್ನ ಕಾಕಿ ಬಂದಾಗಲೆಲ್ಲ ಅದನ್ನು ನೋಡಿ ಹಣೆ ಚಚ್ಚಿಕೊಳ್ಳುತ್ತಾಳೆ. ಆದರೆ ಅದು ಅಂತಿಂಥ ಹುಳವಲ್ಲ. ದಕ್ಷಿಣ ಅಮೆರಿಕದ ಬಿಸಿ ಕಾಡಿನ ದುಂಬಿ. ಕಪ್ಪು ಮೈಮೇಲೆ ಕೆಂಪು ಮತ್ತು ಬೂದಿ ಬಣ್ಣದ ಪಟ್ಟೆಗಳು, ಮೈಗಿಂತ ಉದ್ದದ ಮುಂಗಾಲು, ಮತ್ತೆ ಯಾವ ಪೈಲವಾನನಿಗೂ ಇರದಂಥ ಮೀಸೆ. ಪುಸ್ತಕದವರು ಇವನ್ನು ಉದ್ದ ಕೊಂಬಿನ ದುಂಬಿಗಳು ಎನ್ನುತ್ತಾರೆ. ನಾನು ಮಾತ್ರ ಮೀಸೆಯವರು ಎಂದೇ ಕರೆಯುತ್ತೇನೆ.

ನಾನು ಉದಗೀರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಯಾವ ಪಾಠ ಶುರುಮಾಡಿದರೂ ಹೇಗಾದರೂ ತಿರುಗಿಸಿ ಅಮೆರಿಕದ ಮೀಸೆಯವರ ಹತ್ತಿರ ತಂದು ನಿಲ್ಲಿಸುವುದು ನನ್ನ ಚಾಳಿ. ಅವರಲ್ಲಿ ಒಂದು ಗುಂಪಿನ ಹೆಣ್ಣು ದುಂಬಿ ಟೊಂಗೆಯ ಸುತ್ತ ಬಳೆ ತೊಡಿಸಿದ ಹಾಗೆ ಕಚ್ಚುತ್ತ ಹೋಗುತ್ತದೆ, ಟೊಂಗೆ ಒಣಗಿ ಗಾಳಿಗೆ ಮುರಿದು ಬೀಳುತ್ತದೆ, ಅದರೊಳಗೆ ಇಟ್ಟ ಮೊಟ್ಟೆಯ ಮರಿಗೆ ಕಟ್ಟಿಗೆಯ ಮನೆ ಸಿದ್ಧವಾಗುತ್ತದೆ ಎಂದು ನಾನು ಕೈ ಆಡಿಸಿ ಆಡಿಸಿ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮ್ಯಾಡಮ್, ಇದು ನಮ್ ಸೋಯಾಬೀನಿನಾಗಿನ ಚಕ್ರಿಭುಂಗಾ ಅಲ್ಲೇನ್ರೀ?" ಎಂದಳು. ಸಿಟ್ಟು ಬಂತು, ಏಕೆಂದರೆ ಅವಳು ಹೇಳಿದ್ದು ಸರಿ. ನಮ್ಮ ಹೊಲದ ಸೋಯಾಬೀನಿನ ದಂಟಿಗೆ ಎರಡು ಬಳೆ ಹಾಕಿ ತಲೆ ಬಾಡಿಸುವ ಆ ಬಡಕಲು ಭುಂಗಾ ಕೂಡ ಅದೇ ಮೀಸೆ ಮನೆತನದ್ದು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಅಮೆರಿಕದ ದುಂಬಿಯ ಪಟ ಗೋಡೆಗೆ ಅಂಟಿಸಿದ್ದೆ, ನಮ್ಮ ಭುಂಗಾದ ಕಡೆಗೆ ನಾನು ಬಗ್ಗಿ ನೋಡಿದ್ದೂ ಕಡಿಮೆ.

ಆ ನನ್ನ ಸೊಕ್ಕು ಇಳಿದದ್ದು ಹೋದ ಶ್ರಾವಣದಲ್ಲಿ, ದಾಳಿಂಬದ ನಮ್ಮ ಮನೆಯಲ್ಲಿ.

ದಾಳಿಂಬದಲ್ಲಿ ನನ್ನನ್ನು ಸಾಕಿ ಬೆಳೆಸಿದ ಕಾಕಾ-ಕಾಕಿ ಇದ್ದಾರೆ. ಕಾಕಾನಿಗೆ ಒಂದಿಷ್ಟು ಕುರಿ, ಒಂದಿಷ್ಟು ತೊಗರಿ-ಸೋಯಾಬೀನಿನ ಹೊಲ, ಮತ್ತು ಬೀರಪ್ಪನ ಡೊಳ್ಳು. ಮೊದಲ ಎರಡು ಅವನವು, ಮೂರನೆಯದು ಊರಿನದು. ನಮ್ಮಲ್ಲಿ ಗುಡಿಯ ಮುಂದೆ ಮುಂದಾಳಾಗಿ ಬಾರಿಸುವವನ ಮನೆಯಲ್ಲೇ ಡೊಳ್ಳು ಇರಬೇಕು. ನೆಲಕ್ಕೆ ತಾಗಬಾರದೆಂದು ಅದನ್ನು ಜಂತಿಗೆ ತೂಗುಹಾಕಿ ಕಂಬಳಿ ಹೊದಿಸುತ್ತಾರೆ. ಹಬ್ಬ-ಜಾತ್ರೆಗೆ ಇಳಿಸುವುದುಂಟು, ಆದರೆ ದೊಡ್ಡ ದಿನ ಶ್ರಾವಣದ ಕೊನೆಯ ಐತವಾರ. ಅಂದು ಇಳಿಸಿ, ಭಂಡಾರ ಹಚ್ಚಿ, ಗುಡಿಗೆ ಒಯ್ದು ದಿನವಿಡೀ ಬಾರಿಸುತ್ತಾರೆ. ಇಪ್ಪತ್ತೈದು ವರ್ಷಗಳಿಂದ ಅದು ನಮ್ಮ ಕಾಕಾನ ಜಂತಿಯಲ್ಲಿತ್ತು. ಕಾಕಾನಿಗೆ ಮಕ್ಕಳಿಲ್ಲ. ನಾನಿದ್ದೇನೆ, ಆದರೆ ಡೊಳ್ಳು ಇರುವಷ್ಟು ಜೋಪಾನದಲ್ಲಿ ನನ್ನನ್ನು ಯಾರೂ ಇಟ್ಟಿರಲಿಲ್ಲ.

ಕಾಕಾನಿಗೆ ಒಂದು ಗುಟ್ಟಿತ್ತು. ಎರಡು ವರ್ಷಗಳಿಂದ ಅವನ ಕಿವಿ ಹೋಗಿತ್ತು. ಪೂರ್ತಿ ಅಲ್ಲ, ಎದುರಿಗೆ ನಿಂತು ಗಂಟಲು ಹರಿಯುವಂತೆ ಕೂಗಿದರೆ ಕೇಳುತ್ತಿತ್ತು. ಆದರೆ ಡೊಳ್ಳು ಬಾರಿಸುವವನ ಕಿವಿ ಹೋಗಿದೆ ಎಂದು ಊರಿಗೆ ತಿಳಿದರೆ ಡೊಳ್ಳು ಬೇರೆ ಜಂತಿಗೆ ಹೋಗುತ್ತದೆ. ಆದ್ದರಿಂದ ಕಾಕಾ ಒಂದು ಉಪಾಯ ಹೂಡಿದ್ದ. ಯಾರು ಏನು ಹೇಳಿದರೂ "ಹೂಂ" ಎನ್ನುವುದು. ಒಮ್ಮೆಯೂ "ಏನಂದಿ?" ಎಂದು ಕೇಳಿದವನಲ್ಲ.

ಈ ಹೂಂ ಎಷ್ಟು ಅವಾಂತರ ಮಾಡಿತು ಎಂದರೆ ಲೆಕ್ಕವಿಲ್ಲ. ಉಮರ್ಗಾದ ಬಸ್ಸಿನಲ್ಲಿ ಯಾರೋ "ಈ ಸೀಟು ಖಾಲಿ ಅದ ಏನ್ರೀ?" ಎಂದು ಕೇಳಿದ್ದಕ್ಕೆ ಹೂಂ ಎಂದ. ಅದು ನೀರು ಕುಡಿಯಲು ಇಳಿದಿದ್ದ ಕಾಕಿಯ ಸೀಟು. ಕಾಕಿ ಕಾಸಾರಶಿರಸಿಯ ತನಕ ನಿಂತೇ ಬಂದಳು, ಅವಳ ಬಾಯಿಯೂ ಕೂರಲಿಲ್ಲ. ಇನ್ನೊಮ್ಮೆ ಪಕ್ಕದ ಹೊಲದವನು ತನ್ನ ಎಮ್ಮೆ ಸತ್ತ ಸುದ್ದಿ ಹೇಳಿದಾಗ, "ಹೂಂ, ಭಾಳ ಛಲೋ ಆತು ಬಿಡು" ಎಂದು ಬೆನ್ನು ತಟ್ಟಿದ್ದ. ಕಿವಿಗೆ ಮಷೀನು ಹಾಕಿಸುವ ಆಸೆ ಮನಸ್ಸಿನಲ್ಲೇ ಇಟ್ಟುಕೊಂಡು, ಸುಮ್ಮನೆ ಉದಗೀರಕ್ಕೆ ಬಾ ಎಂದು ನಾನು ಎಷ್ಟು ಸಲ ಕರೆದೆನೋ. ಅದಕ್ಕೂ ಹೂಂ ಎಂದ, ಬರಲಿಲ್ಲ. ನಮಗೆ ಗೊತ್ತು ಎನ್ನುವುದು ಅವನಿಗೆ ಗೊತ್ತಾಗದಂತೆ ನಾನೂ ಕಾಕಿಯೂ ಎರಡು ವರ್ಷ ನಾಟಕ ಆಡಿದೆವು. ಮನೆಯಲ್ಲಿ ಇಷ್ಟು ಜೋರಾಗಿ ಏಕೆ ಮಾತಾಡುತ್ತೀರಿ ಎಂದು ಬಂದವರು ಕೇಳಿದರೆ, ನಮ್ಮ ಮನೆತನದ ಗಂಟಲೇ ಹೀಗೆ ಎಂದುಬಿಡುತ್ತಿದ್ದೆವು.

ಶ್ರಾವಣದ ಕೊನೆಯ ಶುಕ್ರವಾರ ನಾನು ಉದಗೀರದಿಂದ ನಿಲಂಗಾ ಬಸ್ಸು ಹಿಡಿದು, ಅಲ್ಲಿ ಇನ್ನೊಂದಕ್ಕೆ ಹತ್ತಿ, ಉಮರ್ಗಾದಲ್ಲಿ ಇಳಿದು, ಹನ್ನೊಂದು ಜನ ತುಂಬಿದ ಆಟೋದಲ್ಲಿ ಹನ್ನೆರಡನೆಯವಳಾಗಿ ತೂರಿಕೊಂಡು ದಾಳಿಂಬಕ್ಕೆ ಬಂದೆ. ಮಧ್ಯಾಹ್ನ. ಕಾಕಾ ಕುರಿಯ ಹಿಂದೆ ಹೋಗಿದ್ದ. ಕಾಕಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ನಾನು ಪಡಸಾಲೆಯಲ್ಲಿ ಡೊಳ್ಳಿನ ಕೆಳಗೆ ಕುಳಿತು ಮೊದಲ ತುತ್ತು ಬಾಯಿಗಿಟ್ಟೆ. ಮೇಲಿನಿಂದ ಸದ್ದು ಬಂತು. ಕರ್, ಕರ್, ಕರ್. ನಾನು ಅಗಿಯುವುದನ್ನು ನಿಲ್ಲಿಸಿದೆ. ಅದು ಅಗಿಯುತ್ತಲೇ ಇತ್ತು.

"ಕಾಕಿ, ಡೊಳ್ಳಿನ್ಯಾಗ ಏನದ?"

ಕಾಕಿ ಬಾಗಿಲಕಡೆ ನೋಡಿ, ನನ್ನ ಹತ್ತಿರ ಬಂದು ಕುಳಿತಳು. "ಎಂಟು ದಿನ ಆತು ತಂಗಿ, ಹಿಂಗೇ ಮಾತಾಡ್ಲಕತ್ತದ. ಊರಾಗ ಎಲ್ಲಾರಿಗೂ ಕೇಳ್ತದ. ಅವ್ರಿಗೊಬ್ರಿಗೇ ಕೇಳಂಗಿಲ್ಲ. ನಾ ಹ್ಯಾಂಗ ಹೇಳ್ಲಿ? ಹೇಳಿದ್ರ ಅವ್ರ ಕಿವಿ ಹೋದದ್ದು ನನಗ ಗೊತ್ತದ ಅಂತ ಅವ್ರಿಗಿ ಗೊತ್ತಾಗ್ತದ."

ಊರಿನಲ್ಲಿ ಎಲ್ಲರಿಗೂ ಎಂದದ್ದು ಬಾಯಿಮಾತಲ್ಲ. ನಾನು ರೊಟ್ಟಿ ಮುಗಿಸುವುದರೊಳಗೆ ನಾಲ್ಕು ಜನ ಹೆಂಗಸರು ಬಂದು ಡೊಳ್ಳಿಗೆ ಕೈ ಮುಗಿದು ಹೋದರು. ಸದ್ದಷ್ಟೇ ಆಗಿದ್ದರೆ ಇಲಿ ಎನ್ನುತ್ತಿದ್ದರೋ ಏನೋ. ಆದರೆ ಡೊಳ್ಳಿನ ಕೆಳಗೆ ದಿನಾ ಬೆಳಗ್ಗೆ ಒಂದು ಚಿಟಿಕೆ ಹಳದಿ ಪುಡಿ ಉದುರಿರುತ್ತಿತ್ತು. ನುಣ್ಣಗೆ, ಮೆತ್ತಗೆ, ಭಂಡಾರದ ಹಾಗೆಯೇ. ಅರಿಶಿನದ ಭಂಡಾರ ಬೀರಪ್ಪನ ಪ್ರಸಾದ. ಡೊಳ್ಳು ತಾನಾಗಿ ನುಡಿಯುತ್ತದೆ, ತಾನಾಗಿ ಭಂಡಾರ ಉದುರಿಸುತ್ತದೆ ಎಂದಮೇಲೆ ಕುರುಬರ ಊರಿನಲ್ಲಿ ಬೇರೆ ಸಾಕ್ಷಿ ಯಾರಿಗೆ ಬೇಕು? ಕಾಕಿ ಆ ಪುಡಿಯನ್ನು ಬಳಿದು ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ದೇವರ ಮುಂದೆ ಇಟ್ಟಿದ್ದಳು. ಬಂದವರೆಲ್ಲ ಅದರಿಂದ ಹಣೆಗೆ ಹಚ್ಚಿಕೊಂಡು ಹೋಗುತ್ತಿದ್ದರು.

ನಾನು ಡಬ್ಬಿಯಿಂದ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು, ಪರ್ಸಿನಲ್ಲಿ ಸದಾ ಇರುವ ಭೂತಗನ್ನಡಿ ಹಿಡಿದು ನೋಡಿದೆ. ಅದು ಡೊಳ್ಳಿನದೇ ಮಾವಿನ ಕಟ್ಟಿಗೆಯ ಹುಡಿ. ಹುಡಿ ಎನ್ನುವುದೂ ಗೌರವದ ಮಾತಾಯಿತು. ಕಟ್ಟಿಗೆ ತಿಂದ ಹುಳದ ಹೊಟ್ಟೆಯಿಂದ ಹೊರಗೆ ಬಂದ ಹುಡಿ.

ಒಣಗಿದ ಕಟ್ಟಿಗೆಯಲ್ಲಿ ವರ್ಷಗಟ್ಟಲೆ ಕುಳಿತು ತಿನ್ನುವ ಹುಳಗಳು ಮೀಸೆಯವರ ಮನೆತನದಲ್ಲಿ ಇವೆ. ತಾಯಿ ಬಿರುಕಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮರಿ ಒಳಗೇ ಸುರಂಗ ಕೊರೆಯುತ್ತ ಬೆಳೆಯುತ್ತದೆ. ಕಡೆಗೊಮ್ಮೆ ಮೀಸೆ ಬಂದು, ರೆಕ್ಕೆ ಬಂದು, ಗೋಡೆ ಕಚ್ಚಿ ಹೊರಬೀಳುತ್ತದೆ. ನಾನು ಅಮೆರಿಕದ ಕಾಡಿನ ಕನಸು ಕಾಣುತ್ತ ಉದಗೀರದಲ್ಲಿ ಮಲಗಿದ್ದಾಗ, ಅದರ ಬಡ ನೆಂಟನೊಬ್ಬ ನಮ್ಮ ಮನೆಯ ಡೊಳ್ಳಿನಲ್ಲೇ ಬಾಡಿಗೆ ಇಲ್ಲದೆ ಸಂಸಾರ ಹೂಡಿದ್ದ.

ನನಗೆ ಎಷ್ಟು ಸಂತೋಷವಾಯಿತು ಎಂದರೆ ಓಡಿ ಹೋಗಿ ಊರಿಗೆಲ್ಲ ಹೇಳಬೇಕೆನ್ನಿಸಿತು. ಆದರೆ ಅಷ್ಟರಲ್ಲಿ ಹಾಡುವ ಮಾವ ಬಂದರು. ನೆಂಟಸ್ತನದಿಂದ ಅವರು ನಮಗೆ ಏನೂ ಅಲ್ಲ, ಊರಿಗೆಲ್ಲ ಮಾವ. ಡೊಳ್ಳಿನ ಪದ ಹಾಡುವವರು. ಕಾಕಾ ಮತ್ತು ಅವರು ಚಿಕ್ಕಂದಿನಲ್ಲಿ ಒಂದೇ ಕಂಬಳಿಯಲ್ಲಿ ಕುರಿ ಕಾದವರು. ಅವರು ಒಂದು ನುಡಿ ಹಾಡಿದರೆ ಕಾಕಾನ ಡೊಳ್ಳು ಅದಕ್ಕೆ ಉತ್ತರ ಕೊಡಬೇಕು. ಇಬ್ಬರೂ ಮೈಗೆ ಮೈ ಹತ್ತಿ ನಿಂತು ಕುಣಿಯುತ್ತಾರೆ. ಎರಡು ವರ್ಷಗಳಿಂದ ಮಾವ ಕುಣಿಯುವಾಗ ಕಾಕಾನ ಕಾಲು ತುಳಿಯುವುದು ಜಾಸ್ತಿಯಾಗಿತ್ತು. ಪ್ರತಿ ಸಲ ಬಾರಿಸಿ ಬಂದಮೇಲೆ ಕಾಕಾ ಕಾಲು ಚಾಚಿ, "ಆ ಮುದುಕನ ಕಾಲಿಗಿ ಕಣ್ಣಿಲ್ಲ" ಎಂದು ಬೈಯುವುದು, ಕಾಕಿ ಅವನ ಬೆರಳಿಗೆ ಎಣ್ಣೆ-ಅರಿಶಿನ ಹಚ್ಚುವುದು ನಮ್ಮ ಮನೆಯ ಪದ್ಧತಿಯೇ ಆಗಿಬಿಟ್ಟಿತ್ತು.

ಆ ಮಾವನ ಹಣೆಯ ತುಂಬ ಹಳದಿ. ಬಂದವರೇ ಡಬ್ಬಿಗೆ ಕೈ ಹಾಕಿ ಇನ್ನಷ್ಟು ಹಚ್ಚಿಕೊಂಡರು, ಒಂದು ಚಿಟಿಕೆ ಬಾಯಿಗೂ ಹಾಕಿಕೊಂಡರು. ನನ್ನ ವಿಜ್ಞಾನ ಗಂಟಲಲ್ಲೇ ಸಿಕ್ಕಿಕೊಂಡಿತು. ಯಾವ ಬಾಯಿಂದ ಹೇಳಲಿ?

ಮರುದಿನ, ಶನಿವಾರ ಬೆಳಗ್ಗೆ, ಮಾವ ಊರಿನ ಐದಾರು ಹಿರಿಯರನ್ನು ಕರೆದುಕೊಂಡು ಬಂದರು. ಕಾಕಾ ಅಂಗಳದಲ್ಲಿ ಕುರಿಮರಿಯ ಕಾಲಿಗೆ ಔಷಧ ಹಚ್ಚುತ್ತಿದ್ದ. ಇಷ್ಟು ಜನ ಏಕೆ ಬಂದಿದ್ದಾರೆಂದು ಅವನಿಗೆ ತಿಳಿಯಲಿಲ್ಲ. ಎಂಟು ದಿನಗಳಿಂದ ಜನ ಕೈ ಮುಗಿಯುತ್ತಿರುವುದು ಶ್ರಾವಣದ ಭಕ್ತಿ ಎಂದೇ ಅವನು ತಿಳಿದಿದ್ದ. ಎಲ್ಲರೂ ಡೊಳ್ಳಿನ ಕೆಳಗೆ ಕುಳಿತರು. ಮಾವ ಡೊಳ್ಳಿನ ಕಡೆ ಬೆರಳು ತೋರಿಸಿ ಗಟ್ಟಿಯಾಗಿ ಕೇಳಿದರು: "ಎಂಟು ದಿನದಿಂದ ನಿನ್ನ ತಲಿ ಮ್ಯಾಲೇ ನುಡೀಲಕತ್ತದಲ್ಲಾ. ಏನಂತದ ಹೇಳು. ನಿನಗ ತಿಳೀಬೇಕು."

ಕಾಕಾ ಎಲ್ಲರ ಮುಖ ನೋಡಿದ. ಎಲ್ಲರೂ ಡೊಳ್ಳು ನೋಡುತ್ತಿದ್ದರು. ಅವನೂ ಡೊಳ್ಳು ನೋಡಿ, "ಹೂಂ" ಎಂದ.

"ಹೂಂ ಅಂದ್ರ? ಏನಂತದ?"

"ಛಲೋ ಮಾತೇ ಹೇಳ್ಲಕತ್ತದ," ಎಂದ ಕಾಕಾ, ಬೆವರುತ್ತ. "ಮಳಿ ಬರೋಬರ ಆಗ್ತದಂತ. ತೊಗರಿ ಛಲೋ ಬರ್ತದಂತ."

ಹಿರಿಯರು ತಲೆದೂಗಿದರು. ನಾನು ಸೆರಗು ಬಾಯಿಗೆ ಹಿಡಿದೆ. ಇಷ್ಟಕ್ಕೆ ಮುಗಿದಿದ್ದರೆ ಎಲ್ಲ ನಗೆಯಲ್ಲೇ ಹೋಗುತ್ತಿತ್ತು. ಆದರೆ ಜನ ತಲೆದೂಗುವುದು ನೋಡಿ ಕಾಕಾನಿಗೆ ಹುರುಪು ಬಂತು. ಒಳಗಿನ ಹುಳ ಯಾಕೋ ಆಗಲೇ ಅಗಿಯುವುದನ್ನು ನಿಲ್ಲಿಸಿತ್ತು. ಪಡಸಾಲೆ ಪೂರ್ತಿ ಮೌನವಾಗಿತ್ತು. ಆ ಮೌನದಲ್ಲಿ ಕಾಕಾ ಕಣ್ಣು ಮುಚ್ಚಿ, ಬೆರಳು ಮೇಲೆತ್ತಿ, "ಕೇಳ್ರಿ, ಕೇಳ್ರಿ, ಈಗ ನೋಡ್ರಿ ಹ್ಯಾಂಗ ಸ್ಪಷ್ಟ ಹೇಳ್ಲಕತ್ತದ!" ಎಂದುಬಿಟ್ಟ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮಾವ ಎದ್ದು, ಕಾಕಾನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, ಅವನ ಮುಖಕ್ಕೆ ಮುಖ ಕೊಟ್ಟು ಹೇಳಿದರು: "ಈ ಐತವಾರ ನೀ ಡೊಳ್ಳು ಹಿಡೀಬ್ಯಾಡ. ಸಾಕಿನ್ನ. ದೇವ್ರ ಹೆಸರ ಮ್ಯಾಲ ಸುಳ್ಳು ಹೇಳಿದಾಂವ ದೇವ್ರ ಡೊಳ್ಳು ಹ್ಯಾಂಗ ಹಿಡಿತಾನ?" ಅದು ಕಾಕಾನಿಗೆ ಕೇಳಿತು. ಹೂಂ ಎನ್ನಲಿಲ್ಲ.

ಅವನು ಕುರಿ ಬಿಟ್ಟುಕೊಂಡು ಹೊಲಕ್ಕೆ ಹೋದ. ನಾನು ಹಿಂದೆ ಹೋದೆ. ಕಿವುಡನಿಗೆ ಗುಟ್ಟು ಹೇಳುವುದು ಎಂಥ ಕಷ್ಟ ಎಂದು ಹೇಳಿದವರಿಗೇ ಗೊತ್ತು. ಮನೆಯಲ್ಲಿ ಹೇಳಿದರೆ ಊರಿಗೆ ಡಂಗುರ. ಹಾಗಾಗಿ ಅರ್ಧ ಮೈಲಿ ನಡೆದು, ಸೋಯಾಬೀನಿನ ಬದುವಿನ ಮೇಲೆ, ಕುರಿಗಳ ನಡುವೆ ನಿಂತು, ನಾನು ನನ್ನ ಜೀವನದ ಅತಿ ದೊಡ್ಡ ಗುಟ್ಟನ್ನು ಅತಿ ದೊಡ್ಡ ದನಿಯಲ್ಲಿ ಒದರಿದೆ: "ಕಾಕಾ! ನಿನಗ ಕೇಳ್ಸಂಗಿಲ್ಲ ಅಂತ ನಮಗ ಗೊತ್ತದ!"

ಕುರಿಗಳು ತಲೆ ಎತ್ತಿ ನೋಡಿದವು. ಕಾಕಾ ಬದುವಿನ ಮೇಲೆ ಕುಳಿತ.

"ಯಾವಾಗಿಂದ?"

"ನಿನಗ ಗೊತ್ತಾದಾಗಿಂದ."

"ನಿನ್ನ ಕಾಕಿಗೂ?"

"ಆಕಿಗಿ ಮೊದಲು."

ನನಗೆ ಅಳು ಬಂತು. ಅವನ ಮೇಲಿನ ಕನಿಕರಕ್ಕಲ್ಲ, ನನ್ನ ಮೇಲಿನ ನಾಚಿಕೆಗೆ. ಎರಡು ವರ್ಷ ಅವನು ಒಬ್ಬನೇ ಹೆದರಿಕೊಂಡು ತಿರುಗಿದ್ದಾನೆ, ನಾವು ಅದನ್ನು ಮರ್ಯಾದೆ ಕಾಯುವುದು ಎಂದುಕೊಂಡಿದ್ದೆವು. ಆಮೇಲೆ ಅವನು ಬಾಡಿದ ಒಂದು ಸೋಯಾಬೀನಿನ ದಂಟು ಕಿತ್ತು, ಅದರ ಎರಡು ಬಳೆಗಳನ್ನು ಉಗುರಿನಿಂದ ಕೆರೆಯುತ್ತ ಹೇಳಿದ: "ಡೊಳ್ಳು ನಾ ಕಿವೀಲೆ ಬಾರಸ್ತೀನೇನು ತಂಗಿ? ಹೊಟ್ಟಿಗಿ ಕಟ್ಕೊಂಡು ಬಾರಸ್ತೀನಿ. ಅದರ ಪೆಟ್ಟು ಇಲ್ಲಿ ಕೇಳ್ತದ ನನಗ." ಎದೆಯ ಗೂಡಿನ ಕೆಳಗೆ ಬಡಿದು ತೋರಿಸಿದ.

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಹುಳ, ಕಟ್ಟಿಗೆ, ಎಲುಬು. ಕಿವಿ ಕೈಕೊಟ್ಟರೂ ಸದ್ದು ಎಲುಬಿನ ದಾರಿಯಲ್ಲಿ ಒಳಗೆ ಹೋಗಬಹುದಲ್ಲ! ಕಾಕಾನ ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದೆ. ಡೊಳ್ಳನ್ನು ಜಂತಿಯಿಂದ ಇಳಿಸಿ ಕಂಬಳಿಯ ಮೇಲೆ ಇಡಿಸಿದೆ. ಒಳಗೆ ಕರ್ ಕರ್ ನಡೆದಿತ್ತು. "ನಿನ್ನ ಗದ್ದ ಇಲ್ಲಿ ಇಡು," ಎಂದೆ. ಇಟ್ಟ. ಏನೂ ಇಲ್ಲ ಎಂದು ತಲೆ ಅಲ್ಲಾಡಿಸಿದ. "ಹಲ್ಲು ಹಚ್ಚು," ಎಂದೆ.

"ದೇವ್ರ ಡೊಳ್ಳಿಗಿ ಹಲ್ಲು?"

"ಬೀರಪ್ಪಗ ನಾ ಹೇಳ್ಕೋತೀನಿ. ಹಚ್ಚು."

ಅವನು ಅತ್ತಿತ್ತ ನೋಡಿ, ಕೆನ್ನೆ ಬಡಿದುಕೊಂಡು, ಮಾವಿನ ಹಣ್ಣು ಕಚ್ಚುವಂತೆ ಬಾಯಿ ತೆರೆದು, ಡೊಳ್ಳಿನ ಮೈಗೆ ಹಲ್ಲು ಊರಿದ. ಒಂದು ಗಳಿಗೆ ಹಾಗೇ ಇದ್ದ. ಆಮೇಲೆ ಅವನ ಕಣ್ಣು ದೊಡ್ಡವಾದವು. ಹಲ್ಲು ತೆಗೆಯದೆ, ಬಾಯಿ ತುಂಬ ಡೊಳ್ಳು ಇಟ್ಟುಕೊಂಡೇ, "ಕೇಳ್ತದ! ಕೇಳ್ತದ!" ಎಂದು ಏನೇನೋ ಒದರಿದ. ಅಡಿಗೆಮನೆಯಿಂದ ಓಡಿ ಬಂದ ಕಾಕಿ ಬಾಗಿಲಲ್ಲೇ ಗರಬಡಿದಂತೆ ನಿಂತಳು. ಗಂಡ ದೇವರ ಡೊಳ್ಳು ತಿನ್ನುತ್ತಿದ್ದಾನೆ, ಓದಿದ ಮಗಳು ಪಕ್ಕದಲ್ಲಿ ಕುಳಿತು ಚಪ್ಪಾಳೆ ಹೊಡೆಯುತ್ತಿದ್ದಾಳೆ.

ಆ ದಿನವೆಲ್ಲ ಕಾಕಾ ಡೊಳ್ಳು ಬಿಟ್ಟು ಏಳಲಿಲ್ಲ. ಹಲ್ಲು ಊರುವುದು, ಸರಿಯುವುದು, ಮತ್ತೆ ಊರುವುದು. ಇಲ್ಲಿ ಸಣ್ಣಗೆ ಕೇಳುತ್ತದೆ, ಇಲ್ಲಿ ಜೋರು, ಇಲ್ಲಿ ಇಲ್ಲ ಎಂದು ಹೇಳುತ್ತಿದ್ದ. ಎರಡು ವರ್ಷಗಳಲ್ಲಿ ಅವನು ಅಷ್ಟು ಸಣ್ಣ ಸದ್ದು ಕೇಳಿಯೇ ಇರಲಿಲ್ಲ. ಒಂದು ಹುಳ ಊಟ ಮಾಡುವ ಸದ್ದು ಕೇಳಿ ಅವನ ಗಡ್ಡವೆಲ್ಲ ಒದ್ದೆಯಾಯಿತು. ಅದು ಎಲ್ಲ ಜೊಲ್ಲೇ ಆಗಿರಲಿಲ್ಲ.

ಐತವಾರ ಮುಂಜಾನೆ ಗುಡಿಯ ಮುಂದೆ ಜನ ಸೇರಿದ್ದರು. ಪದ್ಧತಿಯಂತೆ ಡೊಳ್ಳು ನಮ್ಮ ಮನೆಯಿಂದಲೇ ಹೋಗಬೇಕು. ಕಾಕಾ ಹೊತ್ತು ತಂದು ಕಟ್ಟೆಯ ಕಂಬಳಿಯ ಮೇಲೆ ಇಟ್ಟು, ಮೊದಲೇ ತಯಾರು ಮಾಡಿಕೊಂಡವನಂತೆ ಜನರ ಕಡೆ ತಿರುಗಿದ.

"ನನಗ ಕೇಳ್ಸಂಗಿಲ್ಲ," ಎಂದ. ತನ್ನ ದನಿ ಎಷ್ಟು ದೊಡ್ಡದು ಎಂದು ಅವನಿಗೆ ಗೊತ್ತಾಗುವಂತಿರಲಿಲ್ಲ, ಆದ್ದರಿಂದ ಅದು ಊರ ಅಗಸೆಬಾಗಿಲ ತನಕ ಹೋಗಿರಬೇಕು. "ಎರಡು ವರ್ಷ ಆತು. ನಿನ್ನಿ ನಾ ಹೇಳಿದ್ದು ಸುಳ್ಳು. ತಪ್ಪಾತು. ಡೊಳ್ಳಿನ್ಯಾಗ ಇರೋದು ದೇವ್ರಲ್ಲ, ಹುಳ. ಈಕಿ ಕಾಲೇಜಿನ್ಯಾಗ ಕಲಸ್ತಾಳಲ್ಲ, ಅದೇ ಮೀಸಿ ಹುಳ. ಅದರ ಸಲುವಾಗಿ ಡೊಳ್ಳು ಒಡೀಬ್ಯಾಡ್ರಿ, ಎಲ್ಲದ ಅಂತ ನಾ ತೋರಸ್ತೀನಿ."

ಗದ್ದಲ ಎದ್ದಿತು. ಕಿವಿ ನೆಟ್ಟಗಿದ್ದವರೆಲ್ಲ ಮುಂದೆ ಬಂದು ಡೊಳ್ಳಿಗೆ ಕಿವಿ ಹಚ್ಚಿದರು. ಒಬ್ಬ ಇಲ್ಲಿ ಎಂದ, ಇನ್ನೊಬ್ಬ ಅಲ್ಲಿ ಎಂದ, ಮೂರನೆಯವನು ಎಲ್ಲ ಕಡೆ ಅದ ಎಂದ. ಪೊಳ್ಳು ಡೊಳ್ಳು ಒಳಗಿನ ಸದ್ದನ್ನೆಲ್ಲ ಕಲಸಿಬಿಡುತ್ತದೆ, ಗಾಳಿಯಲ್ಲಿ ಕೇಳುವವರಿಗೆ ಜಾಗ ಸಿಗುವುದಿಲ್ಲ. ಕಾಕಾ ಕೆನ್ನೆ ಬಡಿದುಕೊಂಡು ಮಂಡಿಯೂರಿ ಹಲ್ಲು ಹಚ್ಚಿದ. ಹೆಂಗಸರಲ್ಲಿ ಕೆಲವರು ನಕ್ಕರು. ಅವನು ಅಂಗುಲ ಅಂಗುಲ ಸರಿದು, ಹಗ್ಗದ ಎರಡು ಎಳೆಗಳ ನಡುವೆ ಒಂದು ಕಡೆ ನಿಂತು, ಹೆಬ್ಬೆರಳಿಗೆ ಭಂಡಾರ ಮುಟ್ಟಿಸಿ ಅಲ್ಲೊಂದು ಬೊಟ್ಟು ಇಟ್ಟ.

ಮಾವ ಬಗ್ಗಿ ಆ ಬೊಟ್ಟಿನ ಮೇಲೆ ಕಿವಿ ಒತ್ತಿದರು. ಒತ್ತಿದವರು ಚೇಳು ಕುಟುಕಿದಂತೆ ಹಿಂದೆ ಹಾರಿದರು. "ಅರೇ ದೇವಾ! ಕಿವ್ಯಾಗೇ ಕಡದಂಗ ಆತಲ್ಲೋ!" ಆಮೇಲೆ ಏನೋ ಹೊಳೆದು ನನ್ನ ಕಡೆ ತಿರುಗಿದರು. "ತಂಗಿ, ಹುಳ ಅಂದ್ರ... ಆ ಭಂಡಾರ?"

ನಾನು ಆಕಾಶ ನೋಡಿದೆ. ಉತ್ತರ ಕೊಟ್ಟವನು ಕಾಕಾ. ಆ ಒಂದು ಪ್ರಶ್ನೆ ಅವನಿಗೆ ಹೇಗೆ ಕೇಳಿಸಿತೋ ನನಗೆ ಇವತ್ತಿಗೂ ತಿಳಿದಿಲ್ಲ. "ಲದ್ದಿ," ಎಂದ. "ಎಂಟು ದಿನದಿಂದ ಹುಳದ ಲದ್ದಿ ಹಣಿಗಿ ಹಚ್ಕೊಂಡು ತಿರಗ್ಯಾಡೀದಿ ದೋಸ್ತ. ತಿಂದೀ ಸುದ್ದಾ."

ಗುಡಿಯ ಮುಂದೆ ಅಷ್ಟು ಜನ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಹಣೆ ಒರೆಸಿಕೊಳ್ಳುವವರು ಒರೆಸಿಕೊಂಡರು, ಉಗುಳುವವರು ಗೋಡೆಯ ಹಿಂದೆ ಹೋದರು. ಮಾವ ಮಾತ್ರ ಒರೆಸಿಕೊಳ್ಳಲಿಲ್ಲ. "ಬೀರಪ್ಪನ ಡೊಳ್ಳಿಂದ ಬಂದದ್ದು ಬೀರಪ್ಪಂದೇ," ಎಂದು ಗತ್ತಿನಿಂದ ಹೇಳಿದರು. ಆಮೇಲೆ ಡೊಳ್ಳು ಎತ್ತಿ ತಾವೇ ಕಾಕಾನ ಹೊಟ್ಟೆಗೆ ಕಟ್ಟತೊಡಗಿದರು.

"ಕಿವಿ ಇಲ್ಲದಾಂವ ನಾ," ಎಂದ ಕಾಕಾ, ಹಿಂದೆ ಸರಿದು. "ನಿನ್ನ ಹಾಡು ಹ್ಯಾಂಗ ಹಿಡೀಲಿ?"

ಮಾವ ಗಂಟು ಬಿಗಿದು, ಅವನ ಮುಖಕ್ಕೆ ಮುಖ ಕೊಟ್ಟು ಹೇಳಿದರು: "ನಿನ್ನ ಕಿವಿ ಹೋದದ್ದು ನಿನಗಿಂತ ಮೊದಲ ನನಗ ತಿಳದದ. ಎರಡು ವರ್ಷದಿಂದ ಕುಣಿವಾಗ ನಿನ್ನ ಕಾಲ ಯಾಕ ತುಳೀಲಕತ್ತೀನಿ ಅಂತ ಮಾಡೀದಿ? ಕಣ್ಣು ಕಾಣಂಗಿಲ್ಲ ಅಂತೇನು? ನುಡಿ ತಿರುಗಿದಾಗ ಒಮ್ಮಿ, ಏರಿದಾಗ ಎರಡ್ಸಲ. ನಿನಗ ತಾಳ ಮುಟ್ಸಿ ಮುಟ್ಸಿ ನನ್ನ ಹೆಬ್ಬಟ್ಟು ಸವದದ. ಕಿವಿ ಇಲ್ಲ ಅಂತ ನಾ ನಿನ್ನ ಬ್ಯಾಡ ಅನ್ಲಿಲ್ಲ. ಇಲ್ಲ ಅಂತ ನನಗೊಬ್ಬನಿಗಾದ್ರೂ ನೀ ಹೇಳ್ಲಿಲ್ಲಲ್ಲ, ಅದಕ್ಕ ಸಿಟ್ಟು ಬಂತು."

ಕಾಕಾ ತನ್ನ ಕಾಲು ನೋಡಿಕೊಂಡ. ಮಾವನ ಕಾಲು ನೋಡಿದ. ಕಾಕಿ ನನ್ನ ಪಕ್ಕದಲ್ಲಿ ಬಿಕ್ಕಿ ಬಿಕ್ಕಿ ಅತ್ತಳು, ನಡುನಡುವೆ "ನಾ ಸುಮ್ ಸುಮ್ನೇ ಎಷ್ಟು ಬೈದೆವ್ವ ಆ ಮನಿಷ್ಯಾಗ" ಎಂದಳು. ಆ ದಿನ ಹಾಡು ಶುರುವಾದಾಗ ಮಾವ ಯಾರಿಗೂ ಮುಚ್ಚಿಡದೆ, ತಮ್ಮ ಪಾದವನ್ನು ಕಾಕಾನ ಪಾದದ ಮೇಲೆ ಇಟ್ಟೇ ನಿಂತರು. ಕಾಕಾ ಬಾರಿಸಿದ. ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಅವನು ಅಷ್ಟು ಚೆನ್ನಾಗಿ ಬಾರಿಸಿದ್ದು ನನಗೆ ನೆನಪಿಲ್ಲ.

ಮಧ್ಯಾಹ್ನದ ಊಟಕ್ಕೆ ಡೊಳ್ಳು ಇಳಿಸಿದಾಗ ಬಾಡಿಗೆದಾರ ಹೊರಗೆ ಬಂದಿದ್ದ. ಅಷ್ಟು ಹೊಡೆತ ತಿಂದಮೇಲೆ ಯಾರು ತಾನೇ ಒಳಗೆ ಇರುತ್ತಾರೆ? ಕಾಕಾನ ಬೊಟ್ಟಿನಿಂದ ಎರಡು ಬೆರಳು ಆಚೆ ಒಂದು ಅಂಡಾಕಾರದ ತೂತು. ತೂತಿನ ಬಾಯಲ್ಲಿ ಕುಳಿತಿದ್ದ ಅವನು ಕಂದು ಬಣ್ಣದವನು. ಪಟ್ಟೆ ಇಲ್ಲ, ಕೆಂಪಿಲ್ಲ, ಹಳೆಯ ಗೋಣಿಚೀಲದ ಹಾಗೆ ಧೂಳು ಧೂಳು ಮೈ. ಆದರೆ ಮೀಸೆ! ಮೈಗಿಂತ ಉದ್ದ. ಒಂದನ್ನು ಮುಂದೆ ಚಾಚಿ, ಇನ್ನೊಂದನ್ನು ಬದಿಗೆ ಚಾಚಿ, ಬೀರಪ್ಪನ ಗುಡಿಯನ್ನು ಅಳೆಯುತ್ತಿದ್ದ. ಗೋಡೆಯ ಮೇಲಿನ ಅಮೆರಿಕದವನನ್ನು ನಾನು ಆ ಗಳಿಗೆಯಲ್ಲಿ ಮರೆತೆ.

ಕಾಕಾ ಅವನನ್ನು ಎರಡು ಬೆರಳಲ್ಲಿ ಹಿಡಿದ. ಮೀಸೆಯವರನ್ನು ಹಿಡಿದರೆ ಕತ್ತು ಅಲ್ಲಾಡಿಸಿ ಕಿರಿಕಿರಿ ಸದ್ದು ಮಾಡುತ್ತಾರೆ. ಕಾಕಾ ಬೆರಳ ತುದಿಯಲ್ಲೇ ಅದನ್ನು ಕೇಳಿ ನಕ್ಕ. "ಬೈಲಕತ್ತದ," ಎಂದ. ನಾನು ಕಡ್ಡಿಪೆಟ್ಟಿಗೆ ತೆರೆದು ಹಿಡಿದೆ, ಉದಗೀರಕ್ಕೆ ಒಯ್ದು ಹುಡುಗರಿಗೆ ತೋರಿಸಬೇಕೆಂದು. ಕಾಕಾ ಕೊಡಲಿಲ್ಲ. "ಫೋಟೋ ತಕ್ಕೋ. ನನ್ನ ಕಡೀಂದ ಖರೇ ಹೇಳ್ಸಿದಾಂವ ಇಂವಾ," ಎಂದು ಗುಡಿಯ ಹಿಂಬದಿಯ ಬೇವಿನ ಗಿಡಕ್ಕೆ ಬಿಟ್ಟು ಬಂದ. ಡೊಳ್ಳಿನ ತೂತಿಗೆ ಮೇಣ ತುಂಬೋಣ ಎಂದು ಹಿರಿಯರು ಹೇಳಿದಾಗಲೂ ಬೇಡ ಎಂದ. ಅದು ಈಗಲೂ ಹಾಗೇ ಇದೆ.

ಸೋಮವಾರ ಬೆಳಗ್ಗೆ ನಾನು ಉಮರ್ಗಾದ ಆಟೋ ಹತ್ತಿದೆ. ಹನ್ನೆರಡನೆಯವಳಾಗಿ, ಅರ್ಧ ಹೊರಗೆ. ಬಿಡಲು ಬಂದ ಕಾಕಾ ಆಟೋದ ಸರಳು ಹಿಡಿದು ನಿಂತಿದ್ದ. ಇಂಜಿನ್ನಿನ ಗದ್ದಲದಲ್ಲಿ ನಾನು, "ಮುಂದಿನ ಐತವಾರ ಉದಗೀರಕ್ಕ ಬಾ, ಕಿವಿ ತೋರ್ಸೋಣು" ಎಂದೆ. ಎರಡು ವರ್ಷ ಕರೆದ ಹಾಗೆಯೇ ಕರೆದಿದ್ದೆ, ಹೂಂ ಎನ್ನುತ್ತಾನೆ ಎಂದು ಕಾದೆ.

ಕಾಕಾ ಕಿವಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಗ್ಗಿದ.

"ಏನಂದಿ?"

ನಾನು ಮತ್ತೆ ಹೇಳಿದೆ. ಅವನು ಮತ್ತೆ "ಏನಂದಿ?" ಎಂದ. ಮೂರನೆಯ ಸಲ ನಾನು ಕೂಗುವ ಹೊತ್ತಿಗೆ ಆಟೋದವನು ಇಂಜಿನ್ ಬಂದ್ ಮಾಡಿ ಕುಳಿತಿದ್ದ, ಒಳಗಿನ ಹನ್ನೊಂದು ಜನರೂ ನನ್ನ ಜೊತೆ ಕೂಗುತ್ತಿದ್ದರು.